ಬಾಲ್ಕನಿಯ ಕೆಳಗಿನ ಬೆಂಚು

ಜನವರಿ 11

ಗಿರಗಿಟ್ಲೆ,

ಇದನ್ನು ಹೇಳದೆಯೇ ಬಿಟ್ಟುಬಿಡೋಣ ಎಂದು ಒಂದು ವಾರ ಅಂದುಕೊಂಡೆ. ವಿಶ್ವವಿದ್ಯಾಲಯದಿಂದ ನಿನಗೆ ಬಂದಿರುವ ಪತ್ರದ ಕೊನೆಯಲ್ಲಿ, ‘ಅರ್ಹತಾ ಪರಿಶೀಲನಾಧಿಕಾರಿ’ ಎಂಬುದರ ಮೇಲೆ ಒಂದು ಗೀಚು ಇದೆಯಲ್ಲ, ಅದು ನನ್ನ ಸಹಿ. ಹೇಳದಿದ್ದರೆ ನಿನಗೆ ಗೊತ್ತೇ ಆಗುತ್ತಿರಲಿಲ್ಲ. ಹದಿನೆಂಟು ವರ್ಷ ಹಾಕಿ ಹಾಕಿ ಅದರಲ್ಲಿ ಈಗ ಅಕ್ಷರವೇ ಉಳಿದಿಲ್ಲ.

ಹೌದು, ನಾವಿಬ್ಬರೂ ಓದಿದ ಈ ಕ್ರೈಸ್ತ ವಿಶ್ವವಿದ್ಯಾಲಯವನ್ನು ನಾನು ಬಿಟ್ಟು ಹೋಗಲೇ ಇಲ್ಲ. ಪದವಿಗೆ ಬೇಕಾದದ್ದೆಲ್ಲ ಮುಗಿದಿದೆಯೇ ಎಂದು ಒಬ್ಬೊಬ್ಬರ ಹಾಳೆ ನೋಡಿ ಗುರುತು ಹಾಕುವುದು ನನ್ನ ಕೆಲಸ. ಮುಖ್ಯ ವಿಷಯವನ್ನು ಯಾರೂ ಅರ್ಧಕ್ಕೆ ಬಿಟ್ಟಿರುವುದಿಲ್ಲ. ಎಡವುವುದೆಲ್ಲ ಸಾಮಾನ್ಯ ಶಿಕ್ಷಣದ ಕಡ್ಡಾಯಗಳಲ್ಲಿ: ಭಾಷೆ, ಚರಿತ್ರೆ, ಒಂದು ಕಲೆ, ಧರ್ಮಗ್ರಂಥದ ಎರಡು ಪಾಠ, ಈಜು, ಪ್ರಾರ್ಥನಾಸಭೆ.

ನಿನ್ನ ಹಾಳೆಯಲ್ಲಿ ಎಲ್ಲ ಇದೆ. ಕೊನೆಯ ದಿನ ಮೂಗು ಹಿಡಿದುಕೊಂಡು ಹಾರಿ ಪಾಸು ಮಾಡಿಕೊಂಡ ಈಜು ಕೂಡ ಇದೆ. ಇಲ್ಲದಿರುವುದು ಒಂದೇ, ಕೊನೆಯ ಅವಧಿಯ ಪ್ರಾರ್ಥನಾಸಭೆಯ ಹಾಜರಿ. ವಾರಕ್ಕೆರಡರಂತೆ ಮೂವತ್ತು ಸಭೆಗಳಲ್ಲಿ ಆರಕ್ಕಿಂತ ಹೆಚ್ಚು ತಪ್ಪಿಸುವಂತಿಲ್ಲ. ನಿನ್ನದು ಹತ್ತು ತಪ್ಪಿದೆ ಎಂದು ದಾಖಲೆ ಹೇಳುತ್ತದೆ. ಅದಕ್ಕೆ ಬದಲಾಗಿ ಈಗ ‘ನಂಬಿಕೆ ಮತ್ತು ಬದುಕು’ ಎಂಬ ಪಾಠವನ್ನು ಇಲ್ಲಿಗೇ ಬಂದು ಎರಡು ಅವಧಿ ಓದಬೇಕು. ಕಚೇರಿಯ ಪತ್ರದಲ್ಲಿ ಇಷ್ಟನ್ನೇ ಬರೆದಿದ್ದೇನೆ.

ಇಷ್ಟು ವರ್ಷದ ಮೇಲೆ ಪದವಿಪತ್ರ ಯಾಕೆ ಬೇಕಾಯಿತು, ಯಾವಾಗಿನೊಳಗೆ ಬೇಕು, ಬರೆಯುತ್ತೀಯಾ? ಫೋನು ಮಾಡಬಹುದಿತ್ತು. ನನ್ನ ಧ್ವನಿ ಕೇಳಿ ನೀನು ಇಟ್ಟುಬಿಟ್ಟರೆ ಮತ್ತೆ ಮಾಡುವ ಧೈರ್ಯ ನನಗಿಲ್ಲ.

ನಿನ್ನ
ಸ್ಕೇಲು


ಜನವರಿ 22

ಸ್ಕೇಲು ಅಧಿಕಾರಿಗಳಿಗೆ,

ಆ ಗೀಚು ನಿನ್ನದು ಅಂತ ನೋಡಿದ ಕೂಡಲೇ ಗೊತ್ತಾಯ್ತು ಕಣೇ. ಅಕ್ಷರದಿಂದಲ್ಲ. ಸಹಿ ಮಾಡಿ ಅದರ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆಯೋರು ಈ ಲೋಕದಲ್ಲಿ ಇನ್ನು ಯಾರಿದ್ದಾರೆ?

ಯಾಕೆ ಬೇಕು ಅಂತ ಕೇಳಿದ್ದೀಯ. ಅಮ್ಮ ಕೊನೆ ದಿನಗಳಲ್ಲಿ ಇದ್ದ ಆಸ್ಪತ್ರೆಯ ಲ್ಯಾಬಿನಲ್ಲೇ ನಾನು ಕೆಲಸಕ್ಕೆ ಸೇರಿದ್ದು. ತಂಗಿ ಇನ್ನೂ ಶಾಲೆಯಲ್ಲಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಮತ್ತೊಂದು ಅವಧಿ ಕೂತು ಪ್ರಾರ್ಥನೆ ಮಾಡೋಕೆ ನನಗೆ ಪುರುಸೊತ್ತಿರಲಿಲ್ಲ. ಪದವಿ ಇಲ್ಲದವಳು ಅಂತ ಸಹಾಯಕಿಯಾಗಿ ತಗೊಂಡ್ರು. ಇಪ್ಪತ್ತಮೂರು ವರ್ಷ ಆಯ್ತು, ಇನ್ನೂ ಸಹಾಯಕೀನೇ. ರಕ್ತದ ಗಾಜುಪಟ್ಟಿ ನೋಡಿ ಏನಿದೆ ಅಂತ ಹೇಳೋದು ನಾನು, ವರದಿಗೆ ಸಹಿ ಹಾಕೋದು ಇನ್ನೊಬ್ಬರು. ಈಗ ನಮ್ಮ ಮುಖ್ಯಸ್ಥರು ನಿವೃತ್ತರಾಗ್ತಿದ್ದಾರೆ. ಏಪ್ರಿಲ್ 5ರೊಳಗೆ ಪದವಿಪತ್ರ ಕೊಟ್ಟರೆ ಆ ಕುರ್ಚಿ ನನಗೆ. ಇಲ್ಲದಿದ್ದರೆ ನಾನೇ ಸೂಜಿ ಹಿಡಿಯೋದು ಕಲಿಸಿದ ಹುಡುಗಿಗೆ. ಪಾಪ, ಅವಳು ಒಳ್ಳೆಯವಳೇ. ಅವಳನ್ನ ನಾಳೆಯಿಂದ ‘ಮೇಡಂ’ ಅನ್ನಬೇಕಲ್ಲ ಅನ್ನೋದೊಂದೇ ನನ್ನ ಹೊಟ್ಟೆಯುರಿ.

ಎರಡು ಅವಧಿ ಕೆಲಸ ಬಿಟ್ಟು ಅಲ್ಲಿಗೆ ಬಂದು ನಂಬಿಕೆ ಕಲಿಯೋಕೆ ಆಗಲ್ಲ.

ಒಂದು ವಿಷಯ ಕೇಳಬೇಕು. ಹತ್ತು ಅಂತ ಬರೆದಿದ್ದೀಯ, ಆವಾಗಿನ ಫಲಿತಾಂಶದ ಹಾಳೆಯಲ್ಲೂ ಹತ್ತೇ ಇತ್ತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ತಪ್ಪಿಸಿಕೊಂಡದ್ದು ಹದಿನಾಲ್ಕು ಸಭೆ. ಆವಾಗ ನೀನು ತಾನೇ ಪ್ರಾರ್ಥನಾ ಮಂದಿರದ ಬಾಲ್ಕನಿಯಲ್ಲಿ ಕೂತು, ಕೆಳಗಿನ ಕುರ್ಚಿ ನೋಡಿ ಹಾಜರಿ ಗುರುತು ಹಾಕ್ತಿದ್ದೋಳು? ಹೇಗೋ ನಾಲ್ಕಾದರೂ ಉಳಿಸಿದಳು ಅಂತ ಇಷ್ಟು ವರ್ಷ ಮನಸ್ಸಲ್ಲೇ ನಿನಗೆ ಥ್ಯಾಂಕ್ಸ್ ಹೇಳಿಕೊಂಡಿದ್ದೀನಿ. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಅದೊಂದಕ್ಕೆ ಮಾತ್ರ ಥ್ಯಾಂಕ್ಸ್.

ಗಿರಗಿಟ್ಲೆ


ಫೆಬ್ರವರಿ 5

ಗಿರಗಿಟ್ಲೆ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಸಮಿತಿಯ ಮುಂದೆ ನಿನ್ನ ವಿಷಯ ಇಟ್ಟಿದ್ದೇನೆ ಎಂದು ಹೇಳುವುದಕ್ಕಾದರೂ ಬರೆಯಬೇಕಲ್ಲ ಎಂದು ಈಗ ಕೂತಿದ್ದೇನೆ.

ಸಮಿತಿಯಲ್ಲಿ ಐದು ಜನ. ಕುಲಸಚಿವರು ಅಧ್ಯಕ್ಷರು. ಕಡ್ಡಾಯ ವಿಷಯಗಳಿಗೆ ಯಾರಾದರೂ ವಿನಾಯಿತಿ ಕೇಳಿದರೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಆಮೇಲೆ ಯಾರೂ ಮಾತಾಡುವುದಿಲ್ಲ. ನಿನ್ನ ಅರ್ಜಿಗೂ ತೆಗೆದಿಟ್ಟರು. ನಾನು ಮಾತಾಡಿದೆ. ಕೆಲಸ ಮಾಡಿದ ವರ್ಷಗಳನ್ನು ಪರಿಗಣಿಸಬಹುದಲ್ಲ ಎಂದೆ. ಯೋಚಿಸೋಣ ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಈ ಕಡ್ಡಾಯಗಳು ಯಾಕೆ ಎಂದು ವಿವರಿಸುವವಳು ನಾನು. ಲೆಕ್ಕ ಓದುವವನಿಗೆ ಸಂಗೀತ ಯಾಕೆ, ಲ್ಯಾಬಿನವಳಿಗೆ ಈಜು ಯಾಕೆ. ಪ್ರಾರ್ಥನಾಸಭೆಯ ಮಾತು ಬಂದಾಗ, ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು, ಅಲ್ಲಿ ಬಂದು ಕೂರುವುದಷ್ಟೇ ನಾವು ಕೇಳುವುದು ಎನ್ನುತ್ತೇನೆ. ಮಕ್ಕಳು ತಲೆಯಾಡಿಸುತ್ತಾರೆ. ಈ ವರ್ಷ ಆ ವಾಕ್ಯ ಹೇಳುವಾಗ ನಾಲಿಗೆ ತಡವರಿಸೀತು ಅನ್ನಿಸುತ್ತದೆ.

ಈಗ ಬಾಲ್ಕನಿಯಲ್ಲಿ ಯಾರೂ ಕೂರುವುದಿಲ್ಲ. ಬಾಗಿಲಲ್ಲಿ ಕಾರ್ಡು ಉಜ್ಜಿದರೆ ಹಾಜರಿ ಬೀಳುತ್ತದೆ.

ನೀನು ಕೇಳಿದ ಹತ್ತು, ಹದಿನಾಲ್ಕರ ವಿಷಯ ಹಳೆಯ ದಾಖಲೆ ಹುಡುಕಿ ಹೇಳುತ್ತೇನೆ.

ನಿನ್ನ
ಸ್ಕೇಲು


ಫೆಬ್ರವರಿ 16

ಸ್ಕೇಲು,

ಹಳೆಯ ದಾಖಲೆ ಹುಡುಕ್ತೀಯಾ? ಇಡೀ ಹಾಸ್ಟೆಲಿನ ಬಟ್ಟೆಪಟ್ಟಿ ಬಾಯಿಪಾಠ ಇದ್ದೋಳು ನೀನು. ಹೋಗಲಿ ಬಿಡು.

ನಾನೇ ನೆನಪು ಮಾಡಿಕೊಡ್ತೀನಿ. ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಮಾತ್ರ ಆಸ್ಪತ್ರೆಯಲ್ಲಿ ಒಳಗೆ ಬಿಡ್ತಿದ್ದದ್ದು. ಸಭೆ ಎಂಟಕ್ಕೆ. ಸಭೆ ನಡೆಸೋ ಪಾದ್ರಿಗಳಿಗೆ ಅರ್ಜಿ ಬರೆದು ರಜಾ ಕೇಳ್ತೀನಿ ಅಂದೆ. ಅರ್ಧ ಬರೆದೂ ಇದ್ದೆ. ನೀನು ಆ ಕಾಗದ ಕಿತ್ತುಕೊಂಡು, “ಅರ್ಜಿ ಯಾಕೆ, ನಾನಿದ್ದೀನಲ್ಲ” ಅಂದೆ. ನಿಜ ಹೇಳ್ತೀನಿ, ಆ ವರ್ಷ ನನಗೆ ಯಾರೂ ಅಷ್ಟು ಒಳ್ಳೇ ಮಾತು ಹೇಳಿರಲಿಲ್ಲ.

ಫಲಿತಾಂಶದ ಹಾಳೆಯಲ್ಲಿ ಹಾಜರಿ ಸಾಲದು ಅಂತ ಬಂದಾಗ ಎಲ್ಲರೂ ಹೋಗಿ ಜಗಳ ಆಡು ಅಂದರು. ನಾನು ಆಡಲಿಲ್ಲ. ಯಾಕೆ ಗೊತ್ತಾ? ಜಗಳ ಆಡಿದರೆ ನಿನ್ನ ಪುಸ್ತಕ ತರಿಸ್ತಾರೆ, ನೀನು ಹಾಕಿದ ಸುಳ್ಳು ಗುರುತು ಹೊರಗೆ ಬೀಳುತ್ತೆ, ನಿನ್ನ ಪದವಿಗೂ ಕುತ್ತು. ಇಬ್ಬರೂ ಮುಳುಗೋದು ಯಾಕೆ ಅಂತ ಬಾಯಿಮುಚ್ಚಿಕೊಂಡು ಪೆಟ್ಟಿಗೆ ಕಟ್ಟಿದೆ. ಆಮೇಲೆ ನಿನಗೆ ಮೂರು ಪತ್ರ ಬರೆದೆ. ಒಂದಕ್ಕಾದರೂ “ತಲುಪಿತು” ಅಂತ ಒಂದು ಸಾಲು ಹಾಕಬಾರದಿತ್ತಾ, ಮಹಾತಾಯಿ?

ಅಮ್ಮ ಹೋದ ಮೇಲೆ ಐದು ವಾರ ನಾನು ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಅದು ನಿನಗೆ ಗೊತ್ತೇ ಇದೆ. ಭಕ್ತಿ ಅಂತ ಅಲ್ಲ. ಆ ಹೊತ್ತಿಗೆ ಅಭ್ಯಾಸದಿಂದ ಎಚ್ಚರ ಆಗ್ತಿತ್ತು, ಹೋಗೋಕೆ ಆಸ್ಪತ್ರೆ ಇರಲಿಲ್ಲ. ನನ್ನ ಜಾಗ ಮೂರನೇ ಸಾಲು, ಅಳು ಬಂದರೆ ಎಲ್ಲರಿಗೂ ಕಾಣುತ್ತೆ. ಪಾದ್ರಿಗಳು ನೋಡಿ, ನೀನು ಹಿಂದೆ ಕೂತ್ಕೋಮ್ಮ, ನಾನು ಬರೆದಿಡ್ತೀನಿ ಅಂದರು. ಬಾಲ್ಕನಿಯ ಕೆಳಗೆ, ಕತ್ತಲಲ್ಲಿ ಒಂದು ಬೆಂಚು ಇತ್ತಲ್ಲ, ಅಲ್ಲಿ ಕೂರ್ತಿದ್ದೆ. ಒಂದು ದಿನ ಮೇಲೆ ನಿನ್ನ ಪೆನ್ನು ಬಿದ್ದು ಉರುಳಿದ ಸದ್ದು ಕೇಳಿಸ್ತು. ಇವಳು ಮೇಲಿದ್ದಾಳೆ ಅಂತ ಸಮಾಧಾನ ಆಯ್ತು.

ಆ ಐದು ವಾರ ಇಲ್ಲದಿದ್ದರೆ ನಾನು ಏನಾಗ್ತಿದ್ದೆನೋ. ಯಾರಿಗೂ ಹೇಳಿಲ್ಲ ಇದನ್ನ. ಅಮ್ಮನ ಹೆಸರಿರೋ ಒಳರೋಗಿ ರಿಜಿಸ್ಟರ್ ಇನ್ನೂ ನಮ್ಮ ಉಗ್ರಾಣದಲ್ಲಿದೆ. ಬೇಜಾರಾದಾಗ ಹೋಗಿ ಆ ಪುಟ ತೆಗೆದು ನೋಡ್ತೀನಿ.

ಗಿರಗಿಟ್ಲೆ


ಮಾರ್ಚ್ 4

ಗಿರಗಿಟ್ಲೆ,

ಸಮಿತಿ ಒಪ್ಪಿದೆ. ಹಳೆಯ ವಿದ್ಯಾರ್ಥಿಗಳಿಗೆಂದು ಒಂದು ವಿನಾಯಿತಿ ಇದೆಯಂತೆ, ಕುಲಸಚಿವರೇ ನಿಯಮಪುಸ್ತಕದಲ್ಲಿ ಹುಡುಕಿ ತೆಗೆದರು. ಗೈರುಹಾಜರಾದ ದಿನಗಳನ್ನು ಒಪ್ಪಿಕೊಂಡು, ವಿಷಾದ ವ್ಯಕ್ತಪಡಿಸಿ ಸಹಿ ಹಾಕಿದರೆ ಪಾಠ ಓದುವ ಅಗತ್ಯವಿಲ್ಲ. ನಮೂನೆ ಜೊತೆಗಿದೆ. ಹತ್ತು ತಾರೀಖುಗಳನ್ನು ದಾಖಲೆಯಿಂದ ತುಂಬಿದ್ದೇನೆ. ಕೆಳಗೆ ಸಹಿ ಮಾಡಿ ನನ್ನ ವಿಳಾಸಕ್ಕೆ ಕಳಿಸು. ಏಪ್ರಿಲ್ 2ರೊಳಗೆ ಇಲ್ಲಿ ಸೇರಿದರೆ 5ಕ್ಕೆ ಪದವಿಪತ್ರ ನಿನ್ನ ಆಸ್ಪತ್ರೆಗೆ ತಲುಪುವಂತೆ ನೋಡಿಕೊಳ್ಳುತ್ತೇನೆ.

ಕೆಲಸ ಸುಸೂತ್ರವಾಗಿ ಮುಗಿಯುತ್ತದೆ.

ಸ್ಕೇಲು


ಮಾರ್ಚ್ 13

ಸ್ಕೇಲು,

ನಮೂನೆ ಬಂತು. ‘ಈ ಕೆಳಕಂಡ ಸಭೆಗಳಿಗೆ ನಾನು ಸಕಾರಣವಿಲ್ಲದೆ ಗೈರುಹಾಜರಾಗಿದ್ದೆ’ ಅಂತ ಇದೆ. ಕೆಳಗೆ ನಿನ್ನ ಕೈಬರಹದಲ್ಲಿ ಹತ್ತು ತಾರೀಖು.

ಅಮ್ಮ ಹೋದ ದಿನ ನನಗೆ ನೆನಪಿದೆ. ಈ ಹತ್ತೂ ಅದಾದ ಮೇಲಿನವು.

ಊಟದ ಬಿಡುವಿನಲ್ಲಿ ಉಗ್ರಾಣಕ್ಕೆ ಹೋಗಿ ರಿಜಿಸ್ಟರ್ ತೆಗೆದು ಮತ್ತೆ ಒಂದೊಂದೇ ನೋಡಿದೆ. ನಾನು ತಪ್ಪಿಸಿಕೊಂಡ ಹದಿನಾಲ್ಕರಲ್ಲಿ ಒಂದೂ ಇದರಲ್ಲಿಲ್ಲ. ಬಂದು ಕೂತ ಹತ್ತೂ ಇವೆ. ಇದು ಹೇಗಾಯ್ತು ಅಂತ ನಿನ್ನನ್ನ ಕೇಳೋಕೆ ಪೆನ್ನು ತಗೊಂಡೆ. ಆಮೇಲೆ ನೀನು ಉತ್ತರ ಕೊಡದ ಮೂರು ಪತ್ರ ನೆನಪಾದವು, ‘ದಾಖಲೆ ಹುಡುಕಿ ಹೇಳ್ತೀನಿ’ ಅಂದದ್ದೂ ನೆನಪಾಯ್ತು. ಕೇಳಲ್ಲ.

ಸಹಿ ಹಾಕಿದ್ದೀನಿ, ಇದರ ಜೊತೆಗೇ ಇದೆ. ನನಗೆ ಆ ಕುರ್ಚಿ ಬೇಕು. ನಲವತ್ತೈದು ವಯಸ್ಸಾಯ್ತು, ನನ್ನ ವರದಿಗೆ ನಾನೇ ಸಹಿ ಹಾಕಬೇಕು ಅನ್ನೋದು ದೊಡ್ಡ ಆಸೆ ಏನಲ್ಲ. ಅದಕ್ಕೆ ಬದಲಾಗಿ ಅಮ್ಮ ಸತ್ತ ಮೇಲೆ ನಾನು ಆ ಬೆಂಚಿನ ಮೇಲೆ ಇರಲೇ ಇಲ್ಲ ಅಂತ ಬರೆದುಕೊಟ್ಟಿದ್ದೀನಿ. ಸಹಿ ಹಾಕುವಾಗ ಆ ಹುಡುಗಿ ಪಕ್ಕದಲ್ಲೇ ಇದ್ದಳು. “ಏನಕ್ಕಾ ಅದು” ಅಂದಳು. ಹಳೇ ರಜಾ ಅರ್ಜಿ ಅಂದೆ.

ಇನ್ನು ಬರೆಯೋ ಅಗತ್ಯ ಇಲ್ಲ ಅಂದುಕೊಳ್ತೀನಿ.

ಗಿರಗಿಟ್ಲೆ


ಮಾರ್ಚ್ 21

ಗಿರಗಿಟ್ಲೆ,

ನಿನ್ನ ಸಹಿ ಇರುವ ನಮೂನೆ ಆರು ದಿನದಿಂದ ನನ್ನ ಮೇಜಿನ ಬಲಗಡೆಯ ತಟ್ಟೆಯಲ್ಲಿದೆ. ಅದನ್ನು ಎಡಗಡೆಯ ತಟ್ಟೆಗೆ ಹಾಕಿದರೆ ಸಾಕು, ನಾಳೆಯೇ ಕುಲಸಚಿವರ ಕೋಣೆ ಸೇರುತ್ತದೆ. ನಿನಗೆ ಕೆಲಸ ಸಿಗುತ್ತದೆ, ನನಗೆ ಏನೂ ಆಗುವುದಿಲ್ಲ. ಅದನ್ನು ಎಡಕ್ಕೆ ಹಾಕಲು ಎರಡು ಸಲ ಕೈಗೆತ್ತಿಕೊಂಡೆ ಎಂಬುದನ್ನೂ ನಿನಗೆ ಹೇಳಬೇಕು.

ನೀನು ಕೇಳುವುದಿಲ್ಲ ಎಂದೆ. ಕೇಳದೆಯೇ ಹೇಳುತ್ತೇನೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ. ಶಾಲೆಯಲ್ಲಿ ಕಲಿತ ಭಾಷೆ, ಕಚೇರಿಯ ಭಾಷೆ. ಓದಿ ನೋಡಿದರೆ ತಪ್ಪು ತಾನಾಗಿಯೇ ನಡೆದುಹೋದಂತೆ ಇತ್ತು, ಮಾಡಿದವಳು ಎಲ್ಲೂ ಇರಲಿಲ್ಲ. ಹರಿದು ಹಾಕಿ ಇದನ್ನು ಶುರುಮಾಡಿದೆ. ಅಕ್ಕ ಕಸದ ಬುಟ್ಟಿ ನೋಡಿ, “ತಪ್ಪು ಒಪ್ಪಿಕೊಳ್ಳೋದಕ್ಕೂ ಕರಡು ಮಾಡ್ತೀಯಲ್ಲೇ” ಎಂದಳು. ಅವಳಿಗೆ ಎಲ್ಲ ಹೇಳಿದ್ದೇನೆ. ನಿನ್ನ ನಂತರ ತಿಳಿಯಬೇಕಾದವಳಿಗೆ ಮೊದಲೇ ಹೇಳಿದೆ, ಅದೂ ಒಂದು ತಪ್ಪೇ.

ನೀನು ಆಸ್ಪತ್ರೆಯಲ್ಲಿದ್ದ ಹದಿನಾಲ್ಕು ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಕೂತು ನಿನ್ನ ಖಾಲಿ ಕುರ್ಚಿ ನೋಡಿ ‘ಇದ್ದಾಳೆ’ ಎಂದು ಗುರುತು ಹಾಕಿದೆ. ಹದಿನಾಲ್ಕನ್ನೂ. ಯಾವುದನ್ನೂ ಬಿಡಲಿಲ್ಲ. ಆಮೇಲೆ ನಿನ್ನ ಅಮ್ಮ ಹೋದರು. ಅಮ್ಮನನ್ನು ಕಳೆದುಕೊಂಡವಳ ಹತ್ತಿರ ಏನು ಮಾತಾಡಬೇಕೋ ತಿಳಿಯದೆ ನಿನ್ನಿಂದ ತಲೆ ತಪ್ಪಿಸಿಕೊಂಡು ಓಡಾಡಿದೆ. ಆಗ ನೀನು ಹಾಸ್ಟೆಲು ಬಿಟ್ಟು ಮನೆಯಿಂದ ಬಂದು ಹೋಗುತ್ತಿದ್ದೆ, ತಪ್ಪಿಸಿಕೊಳ್ಳುವುದು ಸುಲಭವಾಗಿತ್ತು. ಅದೇ ವಾರ, ಇನ್ನು ಮೇಲೆ ಹಾಜರಿ ಪುಸ್ತಕಗಳನ್ನು ಆಗಾಗ ತೆಗೆದು ನೋಡುತ್ತೇನೆ ಎಂದು ಪಾದ್ರಿಗಳು ಹೇಳಿದರು. ನನ್ನದನ್ನು ಕೊನೆಗೂ ತೆಗೆದು ನೋಡಲಿಲ್ಲ, ಆದರೆ ಆಗ ಅದು ನನಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಒಂದು ಸುಳ್ಳು ಗುರುತನ್ನೂ ಹಾಕುವುದಿಲ್ಲ ಎಂದು ನಿರ್ಧಾರ ಮಾಡಿದೆ. ಆ ನಿರ್ಧಾರದ ಬಗ್ಗೆ ನನಗೆ ಹೆಮ್ಮೆ ಕೂಡ ಇತ್ತು.

ಮೂರನೆಯ ಸಾಲಿನ ನಿನ್ನ ಕುರ್ಚಿ ಹತ್ತು ಸಲವೂ ಖಾಲಿ ಇತ್ತು. ದುಃಖದಲ್ಲಿದ್ದಾಳೆ, ಬರುತ್ತಿಲ್ಲ ಅಂದುಕೊಂಡೆ. ಹತ್ತು ಸಲವೂ ‘ಇಲ್ಲ’ ಎಂದು ಬರೆದೆ. ನಾನು ಸುಳ್ಳು ಬರೆದ ದಿನಗಳಲ್ಲಿ ನೀನು ಅಲ್ಲಿರಲಿಲ್ಲ. ನಿಜ ಬರೆಯಲು ಹೊರಟ ದಿನಗಳಲ್ಲಿ ನೀನು ನನ್ನ ಪಾದದ ಕೆಳಗೇ ಕೂತಿದ್ದೆ.

ಇಷ್ಟೇ ಆಗಿದ್ದರೆ ಅದನ್ನು ತಪ್ಪು ತಿಳಿವಳಿಕೆ ಎನ್ನಬಹುದಿತ್ತು. ಒಟ್ಟು ಹಾಜರಿಯ ಪಟ್ಟಿ ಒಪ್ಪಿಸಿ ಮೂರು ದಿನಕ್ಕೆ, ಪುಸ್ತಕ ವಾಪಸು ಕೊಡಲೆಂದು ಒರೆಸುತ್ತಿದ್ದೆ. ಹಿಂದಿನ ರಟ್ಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಪಾದ್ರಿಗಳ ಕೈಬರಹ. ನೀನು ಇಂದಿನಿಂದ ಹಿಂದಿನ ಬೆಂಚಿನಲ್ಲಿ ಕೂರುತ್ತೀಯೆಂದು, ಮೇಲಿನಿಂದ ಕಾಣದು, ಇಳಿದು ನೋಡಿ ಗುರುತು ಹಾಕಬೇಕೆಂದು. ಬರೆದಿಡುತ್ತೇನೆ ಎಂದು ನಿನಗೆ ಹೇಳಿದ್ದನ್ನು ಅವರು ಬರೆದೇ ಇಟ್ಟಿದ್ದರು. ನಾನು ಹಿಂದಿನ ಜೇಬು ತೆಗೆದು ನೋಡಿರಲಿಲ್ಲ.

ಅವರ ಕೋಣೆ ಎರಡು ನಿಮಿಷದ ದಾರಿ. ಚೀಟಿ ತೋರಿಸಿದ್ದರೆ ನಿನ್ನ ಹತ್ತೂ ಸರಿಯಾಗುತ್ತಿದ್ದವು. ಆದರೆ ಅವರು ಪುಸ್ತಕ ಕೇಳುತ್ತಿದ್ದರು. ನಿನ್ನ ಅಮ್ಮನ ಹಾಸಿಗೆಯ ಪಕ್ಕ ಎಷ್ಟೋ ಬೆಳಿಗ್ಗೆ, ಸಭೆಗೆ ಬರುವ ಮೊದಲು, ನಿನ್ನ ಜೊತೆ ನಿಂತಿದ್ದವರು ಅವರು. ಅದೇ ಬೆಳಿಗ್ಗೆಗಳಿಗೆ ನಾನು ‘ಇದ್ದಾಳೆ’ ಎಂದು ಬರೆದದ್ದನ್ನು ನೋಡಿದ ಕೂಡಲೇ ಹಿಡಿಯುತ್ತಿದ್ದರು. ಎರಡು ವಾರ ಯೋಚಿಸುತ್ತ ಕೂತೆ. ಅಷ್ಟರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅವರು ಹೊರಟ ದಿನ ನನಗೆ ನಿರಾಳವಾಯಿತು. ಆ ನಿರಾಳವನ್ನು ನಾನು ಇವತ್ತಿಗೂ ಮರೆತಿಲ್ಲ. ನಿನ್ನ ಮೂರು ಪತ್ರಗಳಿಗೆ ಉತ್ತರ ಬರೆಯದಿರಲು ಅದೇ ಕಾರಣ.

ಇಷ್ಟು ವರ್ಷ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡು ಬಂದೆ. ಹೇಗಿದ್ದರೂ ಅವಳು ಹದಿನಾಲ್ಕು ತಪ್ಪಿಸಿದ್ದಳಲ್ಲ, ಗುರುತು ತಪ್ಪಾದರೂ ಫಲಿತಾಂಶ ಸರಿಯೇ ಎಂದು. ಫೆಬ್ರವರಿಯ ನಿನ್ನ ಪತ್ರ ಓದುವ ತನಕ ಅದು ಗಟ್ಟಿಯಾಗಿಯೇ ನಿಂತಿತ್ತು. ತಾಯಿತಂದೆಯರ ಕಾಯಿಲೆಗೆ ಅರ್ಜಿ ಕೊಟ್ಟರೆ ಎಷ್ಟು ದಿನವಾದರೂ ರಜಾ ಕೊಡುವ ನಿಯಮ ಆಗಲೂ ಇತ್ತು, ಈಗಲೂ ಇದೆ. ನೀನು ಅರ್ಜಿ ಬರೆಯುತ್ತಿದ್ದೆ. ಕಿತ್ತುಕೊಂಡವಳು ನಾನು. ಆ ಭಾಗವನ್ನು ನಾನು ಅದು ಹೇಗೋ ಮರೆತುಬಿಟ್ಟಿದ್ದೆ. ಅಷ್ಟೆಲ್ಲ ತಿಳಿದ ಮೇಲೂ ಮಾರ್ಚ್ 4ರಂದು ಆ ಹತ್ತು ತಾರೀಖುಗಳನ್ನು ನನ್ನ ಕೈಯಾರೆ ತುಂಬಿ ನಿನಗೆ ಕಳಿಸಿದೆ. ನೀನು ತಾರೀಖು ಹೋಲಿಸಿ ನೋಡಲಾರೆ ಎಂದುಕೊಂಡೆನೋ, ನೋಡಿ ನೀನೇ ಬಾಯಿಬಿಟ್ಟು ಕೇಳಲಿ ಎಂದುಕೊಂಡೆನೋ, ಯೋಚಿಸಿದಷ್ಟೂ ಸ್ಪಷ್ಟವಾಗುತ್ತಿಲ್ಲ. ಮೊದಲಿನದೇ ಇರಬೇಕು.

ಪುಸ್ತಕ ನನ್ನ ಹತ್ತಿರವೇ ಇದೆ. ವಾಪಸು ಕೊಡಲಿಲ್ಲ, ಯಾರೂ ಕೇಳಲಿಲ್ಲ. ಚೀಟಿಯೂ ಅದೇ ಜೇಬಿನಲ್ಲಿದೆ.

ಮಾಡಬೇಕೆಂದುಕೊಂಡದ್ದು ಇಷ್ಟು. 24ರಂದು ಬೆಳಿಗ್ಗೆ ಹತ್ತಕ್ಕೆ ಕುಲಸಚಿವರನ್ನು ಕಾಣುತ್ತೇನೆ. ಪುಸ್ತಕ, ಚೀಟಿ, ನನ್ನ ಬರಹದ ಹೇಳಿಕೆ ಕೊಡುತ್ತೇನೆ. ಹತ್ತು ಗುರುತುಗಳನ್ನು ತಿದ್ದಬೇಕು, ಹದಿನಾಲ್ಕಕ್ಕೆ ಅಂದು ಕೊಡಲಾಗದ ರಜಾ ಅರ್ಜಿಯನ್ನು ಈಗ ಒಪ್ಪಬೇಕು ಎಂದು ಕೇಳುತ್ತೇನೆ. ಸಮಿತಿ 29ಕ್ಕೆ ಸೇರುತ್ತದೆ. ಅಮ್ಮನ ಹೆಸರಿರುವ ಆ ಪುಟದ ಪ್ರತಿಯನ್ನು ನೀನು ಅಷ್ಟರೊಳಗೆ ನೇರವಾಗಿ ಕುಲಸಚಿವರಿಗೇ ಕಳಿಸು, ನನಗೆ ಬೇಡ. ಬಹುಶಃ ಆ ಹೊತ್ತಿಗೆ ನನ್ನ ಮೇಜಿನ ಮುಂದೆ ಬೇರೆಯವರು ಕೂತಿರುತ್ತಾರೆ.

ಅವರು ಒಪ್ಪುತ್ತಾರೆಯೇ? ಗೊತ್ತಿಲ್ಲ. ಕನ್ನಡಕ ತೆಗೆದಿಡುವುದಂತೂ ಖಂಡಿತ. ಒಪ್ಪದಿದ್ದರೆ ನಿನ್ನ ಕುರ್ಚಿ ಕೈತಪ್ಪಬಾರದು. ಅದಕ್ಕೇ ನೀನು ಸಹಿ ಹಾಕಿದ ನಮೂನೆಯನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಏಪ್ರಿಲ್ 2ರ ತನಕ ಅದು ನಿನ್ನ ಕೈಯಲ್ಲಿರಲಿ. ಕಳಿಸುವುದೋ ಹರಿಯುವುದೋ ನೀನು ನಿರ್ಧರಿಸು. ಹೋದ ಸಲ ನಿನ್ನ ಕಾಗದವನ್ನು ಕಿತ್ತುಕೊಂಡು ನಾನಿದ್ದೀನಲ್ಲ ಎಂದಿದ್ದೆ. ಈ ಸಲ ಹಾಗೆ ಹೇಳುವುದಿಲ್ಲ.

ನಿನ್ನೆ ಮಧ್ಯಾಹ್ನ ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದೆ. ಬಾಲ್ಕನಿಯ ಕೆಳಗಿನ ಬೆಂಚು ಅಲ್ಲೇ ಇದೆ. ಈಗ ಅದರ ಮೇಲೆ ಹಳೆಯ ಹಾಡಿನ ಪುಸ್ತಕಗಳ ಕಟ್ಟು ಇಟ್ಟಿದ್ದಾರೆ. ಒಂದು ಕಟ್ಟು ಸರಿಸಿ ಕೂತೆ. ಅಲ್ಲಿಂದ ಮುಂದಿನ ಸಾಲುಗಳು ಒಂದೂ ಬಿಡದಂತೆ ಕಾಣುತ್ತವೆ. ಬಾಲ್ಕನಿ ಮಾತ್ರ ಕಾಣುವುದಿಲ್ಲ, ಹಲಗೆಯ ತಳ ಅಷ್ಟೇ. ಪೆನ್ನು ಬಿದ್ದ ಸದ್ದನ್ನು ನೀನು ಹೇಗೆ ಕೇಳಿರಬಹುದು ಎಂದು ತಲೆಯೆತ್ತಿ ನೋಡಿದೆ. ಆ ದಿನ ಪೆನ್ನು ಬಿದ್ದದ್ದು ನನಗೂ ನೆನಪಿದೆ. ಬಗ್ಗಿ ಹುಡುಕಿ ಎತ್ತಿಕೊಂಡು, ನಿನ್ನ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದಿದ್ದೆ.

ಈ ಪತ್ರವನ್ನು ಇವತ್ತೇ ಹಾಕಿದರೆ ನಿನಗೆ ಹೇಳಿಬಿಟ್ಟೆನಲ್ಲ ಎಂಬ ಸಮಾಧಾನದಲ್ಲಿ ನಾನು ಕುಲಸಚಿವರ ಬಾಗಿಲ ತನಕ ಹೋಗಿ ತಿರುಗಿ ಬರಬಹುದು. ನನ್ನನ್ನು ನಾನು ಅಷ್ಟು ಬಲ್ಲೆ. ಆದ್ದರಿಂದ ಪುಸ್ತಕ ಅವರ ಮೇಜಿನ ಮೇಲಿಟ್ಟು, ಬರಿಗೈಯಲ್ಲಿ ಮೆಟ್ಟಿಲಿಳಿದು, ಕೆಳಗಿನ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.

ಸ್ಕೇಲು

ಅಂಚೆಗೆ ಹಾಕುವುದು: ಮಾರ್ಚ್ 24